ಜೋಕಾಲಿ ಹಗ್ಗ ಹಿಡಿಯಬೇಕಿದ್ದ ಕೈ: ಸ್ನಾಯು ಸಡಿಲಿಸುವ ಸೂಜಿಯ ನಂತರದ ಒಂದು ಪ್ರಕರಣ

ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ನಿಜವಲ್ಲ, ಊರು ಹೇಳುವುದಿಲ್ಲ, ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ಮಾಡಲು ಮಕ್ಕಳನ್ನು ಅಣಿಗೊಳಿಸುವವಳು. ಸೆಟೆದ ಸ್ನಾಯುವನ್ನು ಸಡಿಲಿಸುವ ಬೋಟುಲಿನಮ್ ಸೂಜಿ ಚುಚ್ಚುವುದು ವೈದ್ಯರ ಕೆಲಸ. ಆ ಕೈಯಿಂದ ಮಗುವಿಗೆ ಏನಾಗಬೇಕಿದೆ ಎಂದು ಮೊದಲೇ ಕೇಳಿ ತಿಳಿದು ವೈದ್ಯರಿಗೆ ಹೇಳುವುದು, ಚುಚ್ಚಿದ ಮೇಲೆ ಕೈಯನ್ನು ಕೆಲಸಕ್ಕೆ ಹಚ್ಚುವುದು ನನ್ನ ಕೆಲಸ. ಇಲ್ಲಿ ಎರಡನೆಯದನ್ನು ತಡವಾಗಿಯಾದರೂ ಮಾಡಿದೆ. ಮೊದಲನೆಯದನ್ನು ಮಾಡಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗಿ ಮತ್ತು ಕೈ

ಗಂಗಾ ಎಂದು ಕರೆಯೋಣ. ಎಂಟು ವರ್ಷ, ಮೂರನೇ ಇಯತ್ತೆ. ಗದಗ ಜಿಲ್ಲೆಯ ಎರೆ ಹೊಲಗಳ ನಡುವಿನ ಹಳ್ಳಿ. ಹುಬ್ಬಳ್ಳಿಗೆ ಬರಲು ಎರಡು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಅವ್ವ, ಆಯಿ (ಅಜ್ಜಿ), ಹುಡುಗಿ ಮೂವರಿಗೂ ಬಸ್ ಚಾರ್ಜು ಇಲ್ಲ. ಆದರೆ ಬಂದ ದಿನದ ಕೂಲಿ ಹೋಗುತ್ತದೆ, ಆ ಲೆಕ್ಕ ಯಾವ ಟಿಕೆಟ್ಟಿನಲ್ಲೂ ಇರುವುದಿಲ್ಲ.

ಹುಟ್ಟಿದ ಎರಡನೇ ದಿನ ಫಿಟ್ಸ್ ಬಂದಿತ್ತು. ಸ್ಕ್ಯಾನ್‌ನಲ್ಲಿ ಮಿದುಳಿನ ಎಡಭಾಗದ ಒಂದು ರಕ್ತನಾಳ ಕಟ್ಟಿಕೊಂಡು ಆ ಭಾಗಕ್ಕೆ ಪೆಟ್ಟಾದದ್ದು ಕಂಡಿತು. ಎಡ ಮಿದುಳು ಬಲಗೈ ಬಲಗಾಲನ್ನು ನಡೆಸುವುದರಿಂದ ಬಲಬದಿ ಸೆಟೆದುಕೊಂಡಿತು. ನಾವು ಇದನ್ನು ಸೆರೆಬ್ರಲ್ ಪಾಲ್ಸಿಯ ಒಂದು ಬಗೆ ಎನ್ನುತ್ತೇವೆ, ಊರಲ್ಲಿ ‘ಕೂಸಿಗೆ ಲಕ್ವಾ’ ಎಂದರು. ಎರಡು ವರ್ಷಕ್ಕೆ ನಡೆದಳು, ಈಗ ಓಡುತ್ತಾಳೆ, ಸಾಲಿಯಲ್ಲಿ ಮುಂದಿದ್ದಾಳೆ. ಉಳಿದದ್ದು ಕೈ.

ಆ ಕೈ ಹೀಗಿತ್ತು. ಮೊಣಕೈ ಮಡಚಿ ಎದೆಗೆ ಹತ್ತಿರ. ಮುಂಗೈ ತಿರುಗಿ ಅಂಗೈ ಯಾವಾಗಲೂ ನೆಲ ನೋಡುತ್ತಿತ್ತು. ಮಣಿಕಟ್ಟು ಕೆಳಗೆ ಬಾಗಿ, ಹೆಬ್ಬೆರಳು ಮುಷ್ಟಿಯ ಒಳಗೆ ಸೇರಿಕೊಂಡಿತ್ತು. ಮೊಣಕೈಯನ್ನು ಫಟ್ಟನೆ ಚಾಚಲು ಹೋದರೆ ಅರ್ಧದಲ್ಲೇ ಗಕ್ಕನೆ ಹಿಡಿಯುತ್ತಿತ್ತು. ಅದೇ ಕೈಯನ್ನು ನಿಧಾನ ಚಾಚಿದರೆ ಪೂರ್ತಿ ನೇರವಾಗಲು 10 ಡಿಗ್ರಿಯಷ್ಟೇ ಕಡಿಮೆ. ಈ ಎರಡರ ನಡುವಿನ ಅಂತರವನ್ನು ನೋಡುವುದಕ್ಕೆ ಟಾರ್ಡ್ಯೂ ಪರೀಕ್ಷೆ ಎನ್ನುತ್ತಾರೆ. ಅಂತರ ದೊಡ್ಡದಿದ್ದರೆ ಅದು ನರದ ಸೆಟೆತ, ಸೂಜಿಗೆ ಬಗ್ಗುತ್ತದೆ. ನಿಧಾನ ಚಾಚಿದರೂ ಬಾರದೆ ಉಳಿಯುವುದು ಸ್ನಾಯುವೇ ಗಿಡ್ಡಾದದ್ದು. ಅದಕ್ಕೆ ಸೂಜಿ ಏನೂ ಮಾಡುವುದಿಲ್ಲ. ಗಂಗಾಳ ಕೈಯಲ್ಲಿ ಸೆಟೆತವೇ ಹೆಚ್ಚು, ಹಾಗಾಗಿ ಸೂಜಿಗೆ ತಕ್ಕ ಕೈ ಎಂದು ಎಲ್ಲರಿಗೂ ಅನಿಸಿತು. ಸೆಟೆತ ಎಷ್ಟಿದೆ ಎಂದು 0ರಿಂದ 4ರವರೆಗೆ ಅಂಕಿ ಕೊಡುವ ಆಶ್‌ವರ್ತ್ ಅಳತೆಯಲ್ಲಿ ಮೊಣಕೈ 2, ಮಣಿಕಟ್ಟು 2, ಬೆರಳುಗಳು 1+. ಬೆರಳಿನ ಆ ಸಣ್ಣ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕೆಲಸದಲ್ಲಿ ಕೈ ಎಷ್ಟು ಒದಗುತ್ತದೆ ಎಂಬುದಕ್ಕೆ ಹೌಸ್ ಎಂಬವರ ಹೆಸರಿನ 0ರಿಂದ 8ರವರೆಗಿನ ಶ್ರೇಣಿ ಇದೆ. ಗಂಗಾ 4ರಲ್ಲಿದ್ದಳು, ಅಂದರೆ ತಾನೇ ಹಿಡಿಯುತ್ತಿದ್ದಳು, ಆದರೆ ಹಿಡಿತ ಬಲವಿರಲಿಲ್ಲ. ಚರಗಿಯ ಕಂಠ, ಪಾಟಿಚೀಲದ ಪಟ್ಟಿ, ಆಯಿಯ ಸೀರೆ ಸೆರಗು ಆ ಮುಷ್ಟಿಗೆ ಸಿಗುತ್ತಿದ್ದವು. ಹೆಚ್ಚಿನ ಹೊತ್ತು ಕೈ ಸುಮ್ಮನೆ ಇರುತ್ತಿತ್ತು.

ಸೂಜಿ

ಅಪ್ಪನ ಪ್ರಶ್ನೆ ನೇರವಾಗಿತ್ತು. ‘ಮೊಬೈಲಿನ್ಯಾಗ ನೋಡಿದ್ರ ವಿಷ ಅಂತ ಐತಲ್ರಿ ಮೇಡಂ?’ ಹೌದು, ಬೋಟುಲಿನಮ್ ವಿಷವೇ. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ. ನರದ ತುದಿ ಸ್ನಾಯುವಿಗೆ ‘ಬಿಗಿ ಹಿಡಿ’ ಎಂದು ಹೇಳುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಈ ವಿಷ ಆ ರಾಸಾಯನಿಕ ಹೊರಬರುವುದನ್ನು ತಡೆಯುತ್ತದೆ. ಬಹಳ ಕಡಿಮೆ ಪ್ರಮಾಣದಲ್ಲಿ, ಬೇಕಾದ ಸ್ನಾಯುವಿಗೆ ಮಾತ್ರ ಕೊಟ್ಟರೆ ಆ ಸ್ನಾಯು ಮಾತ್ರ ಕೆಲ ತಿಂಗಳು ಸಡಿಲಾಗುತ್ತದೆ. ಅಮೆರಿಕದಲ್ಲಿ ಮೊದಲು ಮೆಳ್ಳೆಗಣ್ಣಿಗೆ ಬಳಸಿ 1989ರಲ್ಲಿ ಅನುಮತಿ ಸಿಕ್ಕಿತು, ಮಕ್ಕಳ ಕೈಯ ಸೆಟೆತಕ್ಕೆ ಅಲ್ಲಿ ಅಧಿಕೃತ ಅನುಮತಿ ಬಂದದ್ದು 2019ರಲ್ಲಿ. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಎರಡು ಮೂರು ದಿನಕ್ಕೆ ಪರಿಣಾಮ ಶುರು, ಎರಡರಿಂದ ನಾಲ್ಕು ವಾರಕ್ಕೆ ಪೂರ್ತಿ, ಮೂರು ನಾಲ್ಕು ತಿಂಗಳಿಗೆ ಇಳಿತ ಎಂದೂ ಹೇಳಿದೆ.

ಹಣಕ್ಕೆ ಹೆಸರು ಬೆಳೆ ಮಾರುವತನಕ ಕಾಯಬೇಕು ಎಂದರು. ಅದು ನಮಗೂ ಅನುಕೂಲವಾಯಿತು. ಸೆಪ್ಟೆಂಬರ್ ನಡುವೆ ಸೂಜಿ ಮಾಡಿಸಿದರೆ, ಔಷಧದ ಪರಿಣಾಮ ಮೇಲೇರುವ ಹೊತ್ತಿಗೆ ಸರಿಯಾಗಿ ದಸರಾ ರಜೆ. ಮಗು ಮನೆಯಲ್ಲಿರುತ್ತದೆ, ದಿನವಿಡೀ ಕೈಗೆ ಕೆಲಸ ಕೊಡಬಹುದು. ಈ ಹೊಂದಾಣಿಕೆ ಈಗಲೂ ಸರಿ ಎಂದೇ ನನ್ನ ಅಭಿಪ್ರಾಯ. ಸೂಜಿಯ ತಾರೀಖನ್ನು ಆಸ್ಪತ್ರೆಯ ಡೈರಿ ನೋಡಿ ಹಚ್ಚುವುದಕ್ಕಿಂತ ಮನೆಯ ಪಂಚಾಂಗ, ಸಾಲಿಯ ರಜೆ ನೋಡಿ ಹಚ್ಚುವುದು ಒಳ್ಳೆಯದು.

20 ಕಿಲೋ ತೂಕ, 100 ಯೂನಿಟ್‌ನ ಒಂದು ಸೀಸೆ. ಈ ಔಷಧದ ಒಂದು ಬ್ರಾಂಡಿನ ಯೂನಿಟ್ ಇನ್ನೊಂದಕ್ಕೆ ಸಮವಲ್ಲ, ಆದ್ದರಿಂದ ಈ ಅಂಕಿಗಳನ್ನು ಯಾರೂ ಬೇರೆ ಮಗುವಿಗೆ ಹೊಂದಿಸಬಾರದು. ಮೊಣಕೈ ಮಡಚುವ ಸ್ನಾಯುಗಳಿಗೆ 40, ಮುಂಗೈ ಕೆಳಗೆ ತಿರುಗಿಸುವ ಸ್ನಾಯುವಿಗೆ 15, ಮಣಿಕಟ್ಟು ಬಾಗಿಸುವವುಗಳಿಗೆ 20, ಹೆಬ್ಬೆರಳನ್ನು ಒಳಗೆಳೆಯುವ ಸ್ನಾಯುವಿಗೆ 10. ಒಟ್ಟು 85. ಸೀಸೆಯಲ್ಲಿ 15 ಉಳಿಯಿತು. ಒಮ್ಮೆ ಬೆರೆಸಿದ ಔಷಧವನ್ನು ದಿನದೊಳಗೆ ಬಳಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಹೆಸರು ಮಾರಿದ ರೊಕ್ಕದಲ್ಲಿ ತಂದ ಔಷಧ. ‘ಬೆರಳು ಮಡಚುವ ಸ್ನಾಯುವಿಗೂ ಸ್ವಲ್ಪ ಕೊಟ್ಟುಬಿಡೋಣವೇ, ಮುಷ್ಟಿ ಬಿಚ್ಚಲು ಸುಲಭವಾದೀತು’ ಎಂಬ ಮಾತು ಬಂತು. ನಾನೂ ಹೂಂ ಎಂದೆ, ಉಳಿದ 15 ಅಲ್ಲಿಗೇ ಹೋಯಿತು. ಬೆರಳಿನ ಸೆಟೆತ ಬರೀ 1+ ಎಂದು ನನ್ನದೇ ಕೈಬರಹದಲ್ಲಿ ಫೈಲಿನಲ್ಲಿತ್ತು.

ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟೆ. ನುಂಗಲು ತೊಂದರೆಯಾದರೆ, ಉಸಿರು ಕಟ್ಟಿದರೆ, ದನಿ ಬದಲಾದರೆ, ಮೈಯೆಲ್ಲ ಸೋತರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದಿತ್ತು. ಅದು ಇರಲೇಬೇಕಾದ ಹಾಳೆ. ಆದರೆ ಅಪರೂಪಕ್ಕೆ ಆಗುವ ಅಪಾಯವನ್ನೆಲ್ಲ ಬರೆದಿದ್ದ ನಾನು, ಆಗೇ ಆಗುವಂಥದ್ದನ್ನು ಬರೆದಿರಲಿಲ್ಲ: ಸಡಿಲಾದ ಕೈ ಮೊದಲು ಸೋತ ಕೈಯ ಹಾಗೆ ಕಾಣುತ್ತದೆ ಎಂಬ ಒಂದು ಸಾಲು.

‘ಇದ್ದದ್ದೂ ಹೋತು’

ಹತ್ತನೇ ದಿನ ನಮ್ಮಲ್ಲಿ ಒಳ್ಳೆಯ ಕೈಗೆ ಚೀಲ ಹಾಕುವ ಪದ್ಧತಿ ಶುರುಮಾಡಿದೆ. ಇದರ ಹಿಂದಿನ ತಿಳಿವಳಿಕೆ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಮಂಗಗಳಲ್ಲಿ ಗಮನಿಸಿದ್ದರಿಂದ ಬಂತು. ಸೋತ ಕೈಯನ್ನು ಬಳಸಿ ಬಳಸಿ ವಿಫಲವಾದ ಪ್ರಾಣಿ, ಕೈಗೆ ಬಲ ಬಂದ ಮೇಲೂ ಅದನ್ನು ಬಳಸುವುದನ್ನೇ ಬಿಟ್ಟಿರುತ್ತದೆ. ಒಳ್ಳೆಯ ಕೈಯನ್ನು ಕಟ್ಟಿದರೆ ಸೋತ ಕೈ ಮುಂದೆ ಬರುತ್ತದೆ. ಹುಟ್ಟಿನಿಂದಲೇ ಒಂದು ಕೈ ಸೆಟೆದ ಮಕ್ಕಳಲ್ಲಿ ಆ ಕೈ ಲೆಕ್ಕಕ್ಕೇ ಬಂದಿರುವುದಿಲ್ಲ, ಹಾಗಾಗಿ ಮಕ್ಕಳಿಗೂ ಇದನ್ನು ಹಗುರಗೊಳಿಸಿ ಬಳಸುತ್ತೇವೆ. ಅನೇಕ ಮಕ್ಕಳಿಗೆ ಕೆಲಸ ಮಾಡಿದೆ.

ಗಂಗಾಳಿಗೆ ದಿನಕ್ಕೆ ಎರಡು ತಾಸು ಎಡಗೈಗೆ ಬಟ್ಟೆಯ ಕೈಚೀಲ. ಮೊದಲ ದಿನ ಅತ್ತಳು. ಎರಡನೇ ದಿನ ಅವ್ವ ಅತ್ತಳು. ಮೂರನೇ ದಿನ ಗಂಗಾ ನೀರಡಿಸಿ ಬಲಗೈಯಿಂದ ಚರಗಿ ಎತ್ತಲು ಹೋದಳು. ಸೂಜಿಗೆ ಮುಂಚೆ ಎತ್ತುತ್ತಿದ್ದ ಅದೇ ಚರಗಿ. ಬೆರಳುಗಳು ಕಂಠದ ಸುತ್ತ ಬಂದವು, ಬಿಗಿಯಲಿಲ್ಲ. ಚರಗಿ ಬಿತ್ತು, ನೀರು ಹಾಸಿಗೆಯ ಮೇಲೆ ಹೋಯಿತು.

ಆಯಿಯ ಫೋನು ಸಂಜೆ ಬಂತು. ‘ಮೇಡಂ, ಮದಲ ಚರಗಿನರ ಹಿಡೀತಿತ್ತು ಕೂಸು. ಈಗ ಅದೂ ಕೈಯಾಗ ನಿಂದ್ರವಲ್ದು. ಇದ್ದದ್ದೂ ಹೋತು.’ ಹಿಂದಿನಿಂದ ಅಪ್ಪನ ದನಿ ಕೇಳಿಸಿತು: ‘ರೊಕ್ಕ ಹೋದರ ಹೋಗ್ಲಿ, ಕೈ ಹೋಗಬಾರದಿತ್ತು.’

ಇದು ತಾತ್ಕಾಲಿಕ, ಹಿಡಿತ ಮರಳಿ ಬರುತ್ತದೆ ಎಂದು ಫೋನಿನಲ್ಲಿ ಹೇಳಿದೆ. ಮುಂಚೆ ಹೇಳಿದ್ದರೆ ಅದು ಮಾಹಿತಿ ಆಗುತ್ತಿತ್ತು. ಈಗ ಹೇಳಿದ್ದು ಸಬೂಬಿನ ಹಾಗೆ ಕೇಳಿಸಿತು. ಮುಂದಿನ ಎರಡು ದಿನದ ಹಾಜರಿಗೆ ಅವರು ಬರಲಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ. ಪಕ್ಕದ ಊರಲ್ಲಿ ಎಣ್ಣೆ ತಿಕ್ಕಿ ನರ ಎಳೆಯುವವರ ಹತ್ತಿರ ಕರೆದುಕೊಂಡು ಹೋಗಿದ್ದರು ಎಂದು ಆ ಊರಿನ ಆಶಾ ಕಾರ್ಯಕರ್ತೆಯಿಂದ ತಿಳಿಯಿತು. ಹನ್ನೆರಡು ವಾರಗಳ ಅವಕಾಶದಲ್ಲಿ ಹತ್ತು ದಿನ ಹೀಗೆ ಹೋಯಿತು. ಅವರನ್ನು ದೂರುವ ಮನಸ್ಸು ನನಗೆ ಆಗಲೂ ಬರಲಿಲ್ಲ. ತಿಳಿಯದ ಭಯಕ್ಕೆ ಮನುಷ್ಯ ಹತ್ತಿರದಲ್ಲಿದ್ದವರ ಕಡೆಗೇ ಹೋಗುತ್ತಾನೆ.

ಇಲ್ಲಿ ನನ್ನೆದುರು ಎರಡು ದಾರಿ ಇದ್ದವು. ‘ಹಾಜರಾಗಲಿಲ್ಲ’ ಎಂದು ಬರೆದು ಫೈಲು ಮುಚ್ಚುವುದು, ಇಲ್ಲವೇ ಹೋಗುವುದು. ಬನ್ನಿ ಹಬ್ಬದ ಮರುದಿನ ಭಾನುವಾರ ಬಸ್ಸು ಹತ್ತಿದೆ.

ಬನ್ನಿ ಎಲೆ

ಮನೆಯವರು ಜಗಳ ಆಡಲಿಲ್ಲ. ಆಯಿ ಬನ್ನಿ ಎಲೆ ತಂದು ‘ಬಂಗಾರ ತಗೊಂಡು ಬಂಗಾರದಂಗ ಇರೂಣು’ ಎಂದು ಕೈಗಿಟ್ಟರು. ಗಂಗಾಳೂ ಎಡಗೈಯಲ್ಲಿ ನಾಲ್ಕು ಎಲೆ ಹಿಡಿದು ಮುಂದೆ ಬಂದಳು. ‘ಎಡಗೈಲೆ ಕೊಡ್ತಾರೇನು?’ ಎಂದು ಆಯಿ ಅವಳ ಕೈಯನ್ನು ಮೆಲ್ಲಗೆ ಹಿಂದೆ ತಳ್ಳಿದರು.

ಹುಡುಗಿ ಆಮೇಲೆ ಮಾಡಿದ್ದನ್ನು ನಾನು ಮರೆಯಲಾರೆ. ಎಡಗೈಯಿಂದ ಎಲೆಗಳನ್ನು ಬಲ ಅಂಗೈಯ ಮೇಲೆ ಇಟ್ಟುಕೊಂಡಳು. ಎಲೆ ಬೀಳಲಿಲ್ಲ. ಎಂಟು ವರ್ಷ ನೆಲವನ್ನೇ ನೋಡುತ್ತಿದ್ದ ಅಂಗೈ ಅರ್ಧ ಮೇಲಕ್ಕೆ ತಿರುಗಿತ್ತು. ಆ ಕೈಯನ್ನು ನನ್ನ ಕಡೆ ಚಾಚಿದಳು. ಮೊಣಕೈ ಅರ್ಧದಲ್ಲಿ ಗಕ್ಕನೆ ನಿಲ್ಲಲಿಲ್ಲ. ಹೆಬ್ಬೆರಳು ಹೊರಗಿತ್ತು. ಮನೆಯವರಿಗೆ ಕಂಡದ್ದು ಚರಗಿ ಹಿಡಿಯಲಾಗದ ಬೆರಳು. ಕೈ ಬಿಚ್ಚಿದೆ, ಚಾಚಿದೆ, ತಿರುಗಿದೆ ಎಂಬುದು ಅವರಿಗೆ ಕಂಡಿರಲಿಲ್ಲ, ಏಕೆಂದರೆ ಅದನ್ನು ನೋಡಿ ಎಂದು ಯಾರೂ ಹೇಳಿರಲಿಲ್ಲ. ನಾನು ಕೊಟ್ಟ ಪಾಠಗಳೆಲ್ಲ ಹಿಡಿಯುವ ಪಾಠಗಳೇ ಆಗಿದ್ದವು. ಸೂಜಿ ಸಡಿಲ ಮಾಡಿದ್ದ ಕೈಗೆ, ಸಡಿಲ ಕೈ ಮಾಡಲಾಗದ ಕೆಲಸವನ್ನೇ ಕೊಟ್ಟು, ಮೇಲೆ ಒಳ್ಳೆಯ ಕೈಯನ್ನೂ ಕಟ್ಟಿದ್ದೆ.

ಆಯಿ ರೊಟ್ಟಿಗೆ ಕೂತರು. ಮಾತು ಅಲ್ಲಿಯೇ ಆಯಿತು. ಎಸರು ಕಾಯಿಸಿ ಹಿಟ್ಟಿಗೆ ಹಾಕಿ, ನಾದಿ, ಉಂಡಿ ಮಾಡಿ, ಪರಾತದಲ್ಲಿ ಒಣಹಿಟ್ಟು ಉದುರಿಸಿ ಬಡಿಯಲು ಶುರುಮಾಡಿದರು. ನಾನು ಆ ಕೈಗಳನ್ನೇ ನೋಡುತ್ತ ಕೂತೆ. ನಾದುವಾಗ ಅಂಗೈಯ ಬುಡ ಹಿಟ್ಟನ್ನು ಒತ್ತುತ್ತದೆ, ಮೊಣಕೈ ನೇರವಾಗುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಬಡಿಯುವಾಗ ಬೆರಳು ಬಿಚ್ಚಿ ಅಂಗೈ ಚಪ್ಪಟೆ ಇರಬೇಕು. ಒಂದು ಕೈ ಬಡಿದರೆ ಇನ್ನೊಂದು ಅಂಚು ಹಿಡಿದು ರೊಟ್ಟಿ ತಿರುಗಿಸುತ್ತದೆ. ಹಿಡಿತ ಎಲ್ಲಿಯೂ ಹೆಚ್ಚು ಬೇಡ. ಸೆಟೆದ ಕೈಗೆ ಆಗದ್ದು, ಸಡಿಲಾದ ಕೈಗೆ ಆಗಬಲ್ಲದ್ದು, ಅಷ್ಟೂ ಚಲನೆ ಆ ಪರಾತದಲ್ಲಿತ್ತು. ನಮ್ಮ ಕೇಂದ್ರದ ಕಪಾಟಿನಲ್ಲಿ ಬಣ್ಣಬಣ್ಣದ ಥೆರಪಿ ಹಿಟ್ಟಿನ ಡಬ್ಬಿಗಳಿವೆ. ಬೆಚ್ಚಗಿನ ಜೋಳದ ಹಿಟ್ಟಿನ ಹಾಗೆ ಅವು ಕೈಯನ್ನು ಕರೆಯುವುದಿಲ್ಲ.

ಗಂಗಾಳಿಗೆ ಒಂದು ಉಂಡಿ ಕೊಡಿಸಿದೆ. ಆರಿದ್ದು, ಬಿಸಿ ಕಡಿಮೆಯಾದದ್ದು. ಹಂಚಿನ ಹತ್ತಿರ ಹೋಗುವಂತಿಲ್ಲ ಎಂಬುದು ಮೊದಲ ಕರಾರು, ಸೆಟೆದ ಕೈಯ ಚರ್ಮಕ್ಕೆ ಬಿಸಿ ಎಷ್ಟು ಎಂದು ಬೇಗ ತಿಳಿಯದೆ ಇರಬಹುದು. ಅವಳು ಬಲ ಅಂಗೈಯನ್ನು ಉಂಡಿಯ ಮೇಲಿಟ್ಟು ಮೈಭಾರ ಹಾಕಿದಳು. ಹಿಟ್ಟು ಅಗಲವಾಯಿತು. ಎಡಗೈಯಿಂದ ತಿರುಗಿಸಿದಳು, ಮತ್ತೆ ಒತ್ತಿದಳು. ರೊಟ್ಟಿ ಗದಗ ಜಿಲ್ಲೆಯ ನಕ್ಷೆಯ ಹಾಗೆ ಆಯಿತು. ಆಯಿ ಅದನ್ನೇ ಸುಟ್ಟು ಮೊದಲು ತಮ್ಮ ತಾಟಿಗೆ ಹಾಕಿಕೊಂಡರು.

ಅಲ್ಲೇ, ಆ ಹೊತ್ತಿಗೆ, ಮೊದಲ ದಿನ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. ಅಪ್ಪನಿಗೆ ಏನು ಬೇಕು ಎಂದು ಕೇಳಿದ್ದೆ. ‘ಬಲಗೈಲೆ ಉಣ್ಣಬೇಕು, ಬರೀಬೇಕು’ ಎಂದಿದ್ದರು. ಹುಡುಗಿಯನ್ನು ಕೇಳಿರಲಿಲ್ಲ.

‘ಪಂಚಮಿಗೆ ಒಬ್ಬಾಕಿನ ಜೋಕಾಲಿ ಆಡಬೇಕ್ರಿ. ಎಲ್ಲಾರೂ ತಮ್ಮ ತೊಡಿ ಮ್ಯಾಲ ಕುಂದ್ರಿಸಿಕೊಂಡ ಆಡಸ್ತಾರ.’

ನಾಗರ ಪಂಚಮಿಯ ಜೋಕಾಲಿಗೆ ಎರಡೂ ಕೈಯಲ್ಲಿ ಹಗ್ಗ ಹಿಡಿಯಬೇಕು. ಹಗ್ಗ ಹಿಡಿಯಲು ಬೇಕಾದದ್ದು ಬೆರಳು ಮಡಚುವ ಅದೇ ಸ್ನಾಯು. ನಾವು ಉಳಿದ 15 ಯೂನಿಟ್ ಹಾಕಿದ್ದ ಸ್ನಾಯು. ಸೂಜಿಗೆ ಮುಂಚೆ ಈ ಒಂದು ಮಾತು ನನ್ನ ಕಿವಿಗೆ ಬಿದ್ದಿದ್ದರೆ ಆ 15 ಯೂನಿಟ್ ಚೆಲ್ಲಿಬಿಡಿ ಎಂದು ಹೇಳುವ ಧೈರ್ಯ ನನಗೆ ಇರುತ್ತಿತ್ತು.

ಬಾಗಿಲ ಹಿಂದಿನ ಗೀಟುಗಳು

ಅವತ್ತು ಯೋಜನೆ ಪೂರ್ತಿ ಬದಲಾಯಿತು. ಕೈಚೀಲ ಬಂದ್. ಎರಡೂ ಕೈ ಸೇರಿ ಮಾಡುವ ಕೆಲಸ ಮಾತ್ರ. ಎರಡು ಪದ್ಧತಿಗೂ ಸಮಾನ ಹೊತ್ತು ಕೊಟ್ಟರೆ ಫಲವೂ ಹೆಚ್ಚು ಕಡಿಮೆ ಸಮಾನವೇ ಎಂಬುದು ಸಂಶೋಧನೆಗಳಲ್ಲಿ ಕಂಡದ್ದು. ಹಾಗಿರುವಾಗ ಅಳಿಸುವ ದಾರಿಯನ್ನೇ ಹಿಡಿಯಬೇಕೆಂದಿಲ್ಲ.

ಉಣ್ಣುವ ವಿಷಯ ಕಷ್ಟದ್ದಾಗಿತ್ತು. ಬಲಗೈ ಮುಂದೆಯೂ ಸಹಾಯದ ಕೈಯೇ, ಎಡಗೈಯೇ ಮುಖ್ಯ ಕೈ, ಅವಳು ಎಡಗೈಯಲ್ಲೇ ಉಣ್ಣುತ್ತಾಳೆ ಎಂದು ನಾನು ಹೇಳಿದೆ. ಆಯಿ ಬಹಳ ಹೊತ್ತು ಸುಮ್ಮನಿದ್ದರು. ಬೆಳಗಿನಿಂದ ಸಂಜೆತನಕ ‘ಬಲಗೈ, ಬಲಗೈ’ ಎಂದು ತಿದ್ದಿದ್ದು ಪ್ರೀತಿಯಿಂದಲೇ. ನಾಳೆ ನಾಲ್ಕು ಜನರ ಪಂಕ್ತಿಯಲ್ಲಿ ಯಾರೂ ಅವಳನ್ನು ಅನ್ನಬಾರದೆಂದು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಖಡಕ್ ರೊಟ್ಟಿ ಮುರಿಯಲು ಹೇಗೂ ಎರಡು ಕೈ ಬೇಕು. ಬಲಗೈ ರೊಟ್ಟಿಯನ್ನು ತಾಟಿಗೆ ಒತ್ತಿ ಹಿಡಿಯಲಿ, ಎಡಗೈ ಮುರಿಯಲಿ. ಪ್ರತಿ ಊಟದಲ್ಲಿ ಬಲಗೈಗೂ ಪಾಲು. ‘ಹಂಗಾದ್ರ ಬಲಗೈ ಉಂಡಂಗ ಆತು’ ಎಂದು ಆಯಿ ತಾವೇ ತೀರ್ಮಾನ ಹೇಳಿದರು.

ಒಂದು ಗೀಟಿಗೆ ಹದಿನೈದು ನಿಮಿಷ. ಆಯಿಗೆ ಬರೆಯಲು ಬರುವುದಿಲ್ಲ. ಬಾಗಿಲ ಹಿಂದೆ ಸುಣ್ಣದ ಗೀಟು ಎಳೆಯುತ್ತ ಹೋದರು. ರೊಟ್ಟಿ ಬಡಿದದ್ದು, ಶೇಂಗಾ ಸುಲಿದದ್ದು, ಬಟ್ಟೆ ಮಡಚಿದ್ದು, ಸಾಲಿಯಲ್ಲಿ ಬರೆಯುವಾಗ ಬಲಗೈಯಿಂದ ಪಟ್ಟಿ ಒತ್ತಿ ಹಿಡಿದದ್ದು. ಆಯಿ ಕಂಡದ್ದಕ್ಕೆ ಮಾತ್ರ ಗೀಟು, ಹುಡುಗಿ ಹೇಳಿದ್ದಕ್ಕೆ ಇಲ್ಲ. ಸಾಲಿಯದ್ದಕ್ಕೆ ಮಾಸ್ತರರ ಸಹಿ ಬೇಕಿತ್ತು. ಡಿಸೆಂಬರ್ ಮಧ್ಯದಲ್ಲಿ ಎಣಿಸಿದಾಗ 158 ಗೀಟು, ಸುಮಾರು 40 ಗಂಟೆ. ಒಂದೊಂದೇ ಕೆಲಸ ಕಲಿಯಲು ಇಷ್ಟು ಬೇಕಿಲ್ಲ, ಆದರೆ ಇಡೀ ಕೈಯ ಬಳಕೆ ಸುಧಾರಿಸಲು 30ರಿಂದ 40 ಗಂಟೆಯ ಅಭ್ಯಾಸ ಬೇಕು ಎನ್ನುತ್ತಾರೆ. ನಾನು ವಾರಕ್ಕೆ ಒಂದು ತಾಸು ಕೊಟ್ಟಿದ್ದರೆ ಹನ್ನೆರಡು ವಾರಕ್ಕೆ ಹನ್ನೆರಡು ಗಂಟೆ ಆಗುತ್ತಿತ್ತು. ಉಳಿದದ್ದೆಲ್ಲ ಆಯಿಯ ಲೆಕ್ಕದ್ದು.

ರಾತ್ರಿ ಹಾಕುವ ಪ್ಲಾಸ್ಟಿಕ್ ಸ್ಪ್ಲಿಂಟ್ ಒಂದು ದಿನ ಮುರುಟಿಕೊಂಡು ಬಂತು. ತೊಳೆದು ಒಲೆಯ ಪಕ್ಕ ಒಣಗಲು ಇಟ್ಟಿದ್ದರು. ಈ ಪ್ಲಾಸ್ಟಿಕ್ಕನ್ನು ನಾವು ರೂಪಿಸುವುದೇ 65–70 ಡಿಗ್ರಿ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ. ಒಲೆ, ಬಿಸಿಲಿಗೆ ನಿಂತ ಬಸ್ಸಿನ ಕಿಟಕಿ, ಎರಡೂ ಅದಕ್ಕೆ ಆಗುವುದಿಲ್ಲ. ಹೊಸದು ಮಾಡಿಕೊಟ್ಟೆ. ಈಗ ಆ ಸಾಲು ಕೂಡ ನನ್ನ ಹಾಳೆಯಲ್ಲಿದೆ.

ಇದರ ನಡುವೆ ಕಾಗದಪತ್ರ. ಗಂಗಾಳಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ ಅರ್ಜಿ ಹಾಕಿಸಿದೆವು. ಕಾರ್ಡ್ ಬಂದ ಮೇಲೆ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಗೂ ಹಚ್ಚಿದೆವು. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಇದನ್ನು ಸೂಜಿಗಿಂತ ಮೊದಲೇ ಮಾಡಬೇಕು.

ಹಿಡಿತ ಮರಳಿದ್ದು

ಏಳನೇ ವಾರ ಅವ್ವ ಫೋನು ಮಾಡಿದಳು. ಗಂಗಾ ಬಲಗೈಯಲ್ಲಿ ಖಾಲಿ ಚರಗಿ ಹಿಡಿದು ನಿಂತಿದ್ದಾಳೆ, ಇಡು ಎಂದರೂ ಇಡುತ್ತಿಲ್ಲ.

ಅಲ್ಲಿಂದ ಜೋಕಾಲಿಯ ಪಾಠ. ಮನೆಯ ಜಂತಿಗೆ ಅಪ್ಪ ಹಗ್ಗ ಇಳಿಬಿಟ್ಟರು, ಮಣೆ ಇಲ್ಲ, ಬರೀ ಹಗ್ಗ. ಹಳೆಯ ಸೀರೆಯ ಪಟ್ಟಿ ಸುತ್ತಿ ಬಲಗೈಯ ಜಾಗ ದಪ್ಪ ಮಾಡಿದೆವು, ಏಕೆಂದರೆ ಸೋತ ಬೆರಳಿಗೆ ದಪ್ಪ ಹಿಡಿ ಸುಲಭ. ನೆಲದ ಮೇಲೆ ಕೂತು ಹಗ್ಗ ಜಗ್ಗುವುದು, ಹತ್ತು ಎಣಿಸುವತನಕ ಬಿಡದಿರುವುದು. ಎಣಿಸಿ ಮುಗಿದ ಮೇಲೆ ಬೇಕೆಂದೇ ಬಿಡುವುದು. ಬಿಡುವುದೂ ಒಂದು ಪಾಠ, ಮುಷ್ಟಿ ಕಟ್ಟಿದ ಕೈಗೆ ಅದೇ ಕಷ್ಟದ್ದು. ಎರಡು ವಾರಕ್ಕೊಮ್ಮೆ ಸೀರೆಯ ಒಂದು ಸುತ್ತು ಬಿಚ್ಚಿ ಹಿಡಿಯನ್ನು ತೆಳ್ಳಗೆ ಮಾಡುತ್ತ ಬಂದೆವು. ಕೈಯನ್ನು ಹಗ್ಗಕ್ಕೆ ಕಟ್ಟಿಬಿಡೋಣ ಎಂದು ಒಮ್ಮೆ ಆಯಿ ಕೇಳಿದರು. ಬೇಡವೇ ಬೇಡ ಎಂದೆ. ಜಾರಿದರೆ ಕೈ ಬಿಡಿಸಿಕೊಂಡು ಬೀಳಬೇಕು, ಕಟ್ಟಿದ ಕೈ ಮೇಲೆ ಜೋತರೆ ಮುರಿಯುತ್ತದೆ.

ಹನ್ನೆರಡನೇ ವಾರ ಅಳತೆ ಮಾಡಿದಾಗ ಮೊಣಕೈಯ ಗಕ್ಕನೆ ಹಿಡಿತ ಬಹಳ ಮುಂದಕ್ಕೆ ಸರಿದಿತ್ತು. ಮುಂಗೈ ಅರ್ಧದವರೆಗೆ ತಾನೇ ತಿರುಗುತ್ತಿತ್ತು. ಹೌಸ್ ಶ್ರೇಣಿಯಲ್ಲಿ ಮೊದಲು 4 ಇದ್ದದ್ದು ನಾಲ್ಕನೇ ವಾರ 2ಕ್ಕೆ ಇಳಿದಿತ್ತು, ಈಗ 5. ಕಾಗದದ ಮೇಲೆ ಒಂದೇ ಅಂಕಿಯ ಲಾಭ. ಹತ್ತು ನಿಮಿಷ ಎರಡೂ ಕೈಯಲ್ಲಿ ಆಡುವ ವಿಡಿಯೋ ತೆಗೆದು ಹಳೆಯದರ ಜೊತೆ ಇಟ್ಟು ನೋಡಿದೆ. ಮೊದಲಿನದರಲ್ಲಿ ಬಲಗೈ ತೊಡೆಯ ಮೇಲೆಯೇ ಇತ್ತು, ನಾನು ಹೇಳಿದಾಗ ಮಾತ್ರ ಬಂತು. ಎರಡನೆಯದರಲ್ಲಿ ಹೇಳದೆಯೇ ಬಂತು, ಡಬ್ಬಿ ಹಿಡಿಯಿತು, ಎಡಗೈ ಮುಚ್ಚಳ ತೆಗೆಯಿತು.

ಆಗದೆ ಉಳಿದದ್ದೂ ಇದೆ. ಬೆರಳುಗಳು ಒಂದೊಂದಾಗಿ ಆಡುವುದಿಲ್ಲ. ಅಂಗಿಯ ಗುಂಡಿ ಹಾಕಲು ಬಲಗೈ ಒದಗುವುದಿಲ್ಲ. ನಿಧಾನ ಚಾಚಿದಾಗ ಉಳಿಯುತ್ತಿದ್ದ ಆ 10 ಡಿಗ್ರಿ ಹಾಗೇ ಇದೆ. ಐದನೇ ತಿಂಗಳಿಗೆ ಸೆಟೆತ ಅರ್ಧಕ್ಕಿಂತ ಹೆಚ್ಚು ಮರಳಿತು, ಅದು ಬರುವುದೇ. ಕೈಯನ್ನು ಮುಂದೆ ತರುವ ರೂಢಿ ಮಾತ್ರ ಮರಳಿ ಹೋಗಲಿಲ್ಲ.

ಆಗ ಅಪ್ಪ ಎರಡನೇ ಸೂಜಿ ಕೇಳಿದರು. ಎರಡು ಸೂಜಿಗಳ ನಡುವೆ ಬೇಕಾದ ಮೂರು ತಿಂಗಳ ಅಂತರ ದಾಟಿತ್ತು, ಮಾಡಿಸಬಹುದಿತ್ತು. ನಾವು ಬೇಡವೆಂದೆವು. ಈಗ ಮಾಡಿಸಿ, ಹಿಡಿತ ಕುಂದಿ, ಮರಳಿ ಬರುವುದು ತಡವಾದರೆ ಪಂಚಮಿಗೆ ಕೈ ಸಿದ್ಧ ಇರುವ ಭರವಸೆ ನನಗೆ ಇರಲಿಲ್ಲ. ಸೆಟೆತ ಸ್ವಲ್ಪ ಇರಲಿ, ಹಬ್ಬ ಆಗಲಿ ಎಂದು ವೈದ್ಯರೂ ಒಪ್ಪಿದರು. ಒಂದು ಹಬ್ಬಕ್ಕಾಗಿ ಚಿಕಿತ್ಸೆ ಮುಂದೂಡುವುದೇ ಎಂದು ಕೆಲವು ಸಹೋದ್ಯೋಗಿಗಳು ಕೇಳಿದರು. ಚಿಕಿತ್ಸೆ ನಡೆದಿದ್ದೇ ಆ ಹಬ್ಬಕ್ಕಾಗಿ ಎಂದು ನಾನು ತಿಳಿದಿದ್ದೇನೆ.

ಪಂಚಮಿಯ ಸಂಜೆ ಅಪ್ಪ ವಿಡಿಯೋ ಕಳಿಸಿದರು. ಬೇವಿನ ಗಿಡ, ಹೊಸ ಹಗ್ಗ, ಬಲಗೈಯ ಜಾಗದಲ್ಲಿ ಸೀರೆಯ ಒಂದೇ ಸುತ್ತು. ಗಂಗಾ ಮಣೆಯ ಮೇಲೆ ಒಬ್ಬಳೇ. ಮೊದಲ ಎರಡು ತೂಗಿಗೆ ಕಾಲು ನೆಲಕ್ಕೆ ತಾಗಿಸಿದಳು, ಮೂರನೆಯದಕ್ಕೆ ಎತ್ತಿದಳು. ಹಿಂದಕ್ಕೆ ಹೋದಾಗಲೆಲ್ಲ ಬಲ ಮೊಣಕೈ ತಾನೇ ಮಡಚಿ ಹಗ್ಗವನ್ನು ಎದೆಗೆ ಎಳೆದುಕೊಳ್ಳುತ್ತಿತ್ತು. ಮರಳಿ ಬಂದಿದ್ದ ಸೆಟೆತ ಅಲ್ಲಿ ಅವಳ ಪರವಾಗಿ ಕೆಲಸ ಮಾಡುತ್ತಿತ್ತು. ಆಯಿ ಪಕ್ಕದಲ್ಲೇ ಎರಡೂ ಕೈ ಚಾಚಿಕೊಂಡು ನಿಂತಿದ್ದರು, ಮುಟ್ಟಲಿಲ್ಲ.

ಎರಡನೇ ಸೂಜಿಗೆ ಸೆಪ್ಟೆಂಬರಿನಲ್ಲಿ ತಾರೀಖು ಹಚ್ಚಿದ್ದೇವೆ, ಹೆಸರು ಬಂದ ಮೇಲೆ, ದಸರಾ ರಜೆಗೆ ಮುಂಚೆ. ಹೋದ ವಾರ ಗಂಗಾ ಬಂದಿದ್ದಳು. ಈ ಸಲ ಏನಾಗಬೇಕು ಎಂದು ಅವಳನ್ನೇ ಮೊದಲು ಕೇಳಿದೆ. ‘ಜಡಿಗೆ ರಿಬ್ಬನ್ ನಾನ ಕಟ್ಕೋಬೇಕ್ರಿ’ ಎಂದಳು. ಪೂರ್ತಿ ಆಗದಿರಬಹುದು, ಬಲಗೈ ರಿಬ್ಬನ್ನಿನ ಒಂದು ತುದಿ ಹಿಡಿದುಕೊಳ್ಳುವಷ್ಟು ಆದೀತು ಎಂದು ಹೇಳಿದೆ. ಅದಕ್ಕೆ ಮೊಣಕೈ ತಲೆಯ ಪಕ್ಕಕ್ಕೆ ಏರಿ ಸ್ವಲ್ಪ ಬಿಚ್ಚಬೇಕು, ಮುಂಗೈ ತಿರುಗಬೇಕು, ತುದಿ ಹಿಡಿಯಲು ಹೆಬ್ಬೆರಳು ಹೊರಗಿರಬೇಕು. ವೈದ್ಯರಿಗೆ ಕಳಿಸುವ ಚೀಟಿಯಲ್ಲಿ ಈ ಮೂರು ಜಾಗ ಬರೆದು, ಕೆಳಗೆ ‘ಬೆರಳು ಮಡಚುವ ಸ್ನಾಯುವಿಗೆ ಬೇಡ, ಔಷಧ ಉಳಿದರೆ ಉಳಿಯಲಿ’ ಎಂದು ಬರೆದೆ. ಆಯಿಗೆ ಓದಿ ಹೇಳಿದೆ. ಮೊದಲ ಮೂರು ವಾರ ಚರಗಿ ಬಿದ್ದರೂ ಬೀಳಬಹುದು ಎಂದೂ ಹೇಳಿದೆ.

‘ಬೀಳ್ಲಿ ಬಿಡ್ರಿ, ಚರಗಿ ತಾಮ್ರದ್ದೈತಿ’ ಎಂದರು.